ಹದಿನೇಳನೆಯ ನಿಮಿಷ

ಆ ಶನಿವಾರ ಬಸ್ಸು ನನ್ನನ್ನು ಇಳಿಸಿ ಹೋದಾಗ ರಾತ್ರಿ ಎಂಟೂವರೆ. ನಿಲ್ದಾಣದಿಂದ ಗಿಣಿಯ ಮನೆಗೆ ಹನ್ನೆರಡು ನಿಮಿಷದ ದಾರಿ. ದಾರಿಯಲ್ಲಿ ಒಂದು ಬಾವಿ ಇದೆ. ಈಗ ಯಾರೂ ಅದರಿಂದ ನೀರು ಸೇದುವುದಿಲ್ಲ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಹಗಲೆಲ್ಲ ಕಾದ ಕಬ್ಬಿಣ ರಾತ್ರಿ ತಣಿಯುವಾಗ ಸದ್ದು ಮಾಡುತ್ತದೆ. ಟಿಣ್... ಸ್ವಲ್ಪ ತಡೆದು ಇನ್ನೊಂದು ಟಿಣ್. ಕಾರಣ ಗೊತ್ತಿರುವ ಸದ್ದಿಗೆ ನಾನು ಹೆದರುವುದಿಲ್ಲ. ಆದರೂ ಆವತ್ತು ಅಲ್ಲಿ ನನ್ನ ಹೆಜ್ಜೆ ಚುರುಕಾಯಿತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದಿನದನ್ನು ನೀವು ನಂಬಬೇಕಾದರೆ ನಾನು ಮೊದಲಿನಿಂದಲೂ ನಿಜವನ್ನೇ ಹೇಳಬೇಕು.

ಗಿಣಿ ಗೇಟಿನ ಬಳಿಯೇ ನಿಂತಿದ್ದಳು. ದೀಪ ಹಾಕಿರಲಿಲ್ಲ.

"ಅಕ್ಕಾ... ಮೆಲ್ಲಗೆ ಬಾ. ಅವರು ಮುಂದಿನ ಕೋಣೆಯಲ್ಲಿ ಮಲಗಿದ್ದಾರೆ."

"ಇಷ್ಟು ಬೇಗ?"

"ಮಲಗಿದ ಹಾಗೆ ಮಾಡ್ತಾರೆ."

ಗಿಣಿ ನನ್ನ ಚಿಕ್ಕಮ್ಮನ ಮಗಳು. ಅಕ್ಷರ ಕಲಿತ ದಿನದಿಂದ ಅಂಗಡಿಯ ಬೋರ್ಡು, ಔಷಧಿಯ ಚೀಟಿ, ಬಸ್ಸಿನ ಟಿಕೆಟ್ಟು, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳೆಂದು ಮನೆಯವರು ಇಟ್ಟ ಹೆಸರು. ದೊಡ್ಡವಳಾದ ಮೇಲೆ ಅದೇ ಅವಳ ಕೆಲಸವೂ ಆಯಿತು. ಕಣ್ಣು ಕಾಣದ ಮಕ್ಕಳಿಗಾಗಿ ಪಾಠಪುಸ್ತಕಗಳನ್ನು ಓದಿ, ರೆಕಾರ್ಡ್ ಮಾಡಿ ಕೊಡುತ್ತಾಳೆ. ಎಲ್ಲವೂ ಮನೆಯಲ್ಲೇ, ಒಂದು ಚಿಕ್ಕ ಕೋಣೆಯಲ್ಲಿ. ಒಂದು ಮೈಕು, ಒಂದು ಹಳೆಯ ಕಂಪ್ಯೂಟರು, ಕಿವಿಯನ್ನು ಪೂರ್ತಿ ಮುಚ್ಚುವ ಕಪ್ಪು ಹೆಡ್‌ಫೋನು. ಧ್ವನಿ ಮೊಳಗದಿರಲೆಂದು ಗೋಡೆಗಳಿಗೆ ಹಳೆಯ ಕಂಬಳಿಗಳು.

ಅದರ ಪಕ್ಕದ್ದೇ ಅವಳ ಅತ್ತೆಯ ಕೋಣೆ. ನಡುವೆ ಒಂದು ಬಾಗಿಲು. ಅತ್ತೆ ಅದನ್ನು ಪೂರ್ತಿ ಮುಚ್ಚಗೊಡುತ್ತಿರಲಿಲ್ಲ. "ಒಂದು ಬೆರಳಿನಷ್ಟು ಸಂದು ಇರಲಿ, ನೀನು ಓದೋದು ಕೇಳ್ತಿರ್ತೀನಿ" ಎನ್ನುತ್ತಿದ್ದರು. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಏನಾದರೂ ಬೇಕಾದರೆ ಊರುಗೋಲಿನಿಂದ ಮಂಚದ ಕಾಲಿಗೆ ಮೂರು ಸಲ ಬಡಿಯುತ್ತಿದ್ದರು. ಬಡಿದ ಕೂಡಲೇ ಗಿಣಿ "ಬಂದೆ ಅತ್ತೆ" ಎನ್ನಬೇಕು. ಅನ್ನದಿದ್ದರೆ ಮತ್ತೆ ಮೂರು.

ಒಂದು ತಿಂಗಳ ಹಿಂದೆ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಗಿಣಿ ನದಿಗಳ ಪಾಠ ಓದಿದಳು. ನಾಲ್ಕಕ್ಕೆ ಹೆಡ್‌ಫೋನ್ ತೆಗೆದು ಪಕ್ಕದ ಕೋಣೆಗೆ ಹೋದಳು. ಅತ್ತೆ ಹೋಗಿಬಿಟ್ಟಿದ್ದರು. ಊರುಗೋಲು ನೆಲದ ಮೇಲೆ ಬಿದ್ದಿತ್ತು.

ಗಂಡನ ಅಕ್ಕ ಓಡಿಬಂದರು. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ, ಮಾತು ನೆಟ್ಟಗೆ, ನೋಟ ಇನ್ನೂ ನೆಟ್ಟಗೆ. ಅತ್ತು ಮುಗಿಸಿ ಮೊದಲು ಕೇಳಿದ ಪ್ರಶ್ನೆ ಇದು.

"ಅಮ್ಮ ಬಡಿಯಲಿಲ್ಲವಾ?"

"ನನಗೆ ಕೇಳಿಸಲಿಲ್ಲ ಅತ್ತಿಗೆ."

"ಬಡಿಯಲಿಲ್ಲವೋ, ಕೇಳಿಸಲಿಲ್ಲವೋ? ಕಿವಿಗೆ ಆ ಎರಡು ಕರಿ ಬಟ್ಟಲು ಕವುಚಿಕೊಂಡು ಕೂತರೆ ಮನೆಗೆ ಬೆಂಕಿ ಬಿದ್ದರೂ ನಿನಗೆ ಗೊತ್ತಾಗುತ್ತಾ?"

ಆಗ ಗಿಣಿ ಒಂದು ಮಾತು ಆಡಿಬಿಟ್ಟಳು. "ಬಡಿದಿದ್ದರೆ ಮೈಕಿಗೆ ಸಿಕ್ಕಿರುತ್ತೆ. ರೆಕಾರ್ಡಿಂಗ್ ಇದೆ. ಬೇಕಾದರೆ ನೀವೇ ಕೇಳಿ."

ಮೂರು ವಾರ ಆ ಮಾತು ಹಾಗೇ ಉಳಿಯಿತು. ನಾಲ್ಕನೆಯ ವಾರ ಅತ್ತಿಗೆ ಕೇಳಲು ಬಂದರು. ಪೂರ್ತಿ ಒಂದು ಗಂಟೆ ಕೇಳಿದರು. ಬಡಿತವಿರಲಿಲ್ಲ. ಗಿಣಿಯ ಗಂಡ ನಿರಾಳವಾಗಿ ಉಸಿರು ಬಿಟ್ಟ. ಅತ್ತಿಗೆ ಮಾತ್ರ ತಲೆಯೆತ್ತಿ ಸೂರಿನ ಫ್ಯಾನಿನ ಕಡೆ ನೋಡಿದರು.

"ಈ ಫ್ಯಾನು ಗರಗರ ಅಂತಿದೆ. ರೆಕಾರ್ಡಿನಲ್ಲಿ ಆ ಗರಗರ ಎಲ್ಲಿ?"

"ಅದನ್ನ ಸಾಫ್ಟ್‌ವೇರು ತೆಗೆದುಹಾಕುತ್ತೆ ಅತ್ತಿಗೆ."

"ಫ್ಯಾನನ್ನು ತೆಗೆದದ್ದು ಬೇರೇನನ್ನು ತೆಗೆದಿದೆ?"

ಇದನ್ನು ನಿಮಗೆ ಸ್ವಲ್ಪ ವಿವರಿಸಬೇಕು. ಗಿಣಿ ಪ್ರತಿ ಸಲ ಓದುವ ಮೊದಲು ಮೂವತ್ತು ಸೆಕೆಂಡು ಅಲುಗಾಡದೆ ಕೂರುತ್ತಾಳೆ. ಮೈಕು ಖಾಲಿ ಕೋಣೆಯನ್ನು ಕೇಳಿಸಿಕೊಳ್ಳುತ್ತದೆ. ಆ ಮೂವತ್ತು ಸೆಕೆಂಡಿನಲ್ಲಿ ಏನಿದೆಯೋ ಅದೆಲ್ಲ ಕಸವೆಂದು ಸಾಫ್ಟ್‌ವೇರಿಗೆ ಕಲಿಸುತ್ತಾಳೆ. ಅದು ಕಲಿತು, ಅಂಥದ್ದನ್ನೆಲ್ಲ ಇಡೀ ಗಂಟೆಯಿಂದ ಗುಡಿಸಿ ತೆಗೆಯುತ್ತದೆ. ಗುಡಿಸುವುದನ್ನು ನಿಲ್ಲಿಸಿ ಕೇಳಿದರೆ ಫ್ಯಾನಿನ ಗರಗರದ ಮೇಲೆ ಅವಳ ಗಟ್ಟಿ ಓದು. ಅಡಿಯಲ್ಲಿ ಏನಿದ್ದರೂ ತಿಳಿಯುವುದಿಲ್ಲ. ಆದರೆ ಗುಡಿಸಿದ ಕಸವನ್ನಷ್ಟೇ ಕೇಳುವುದಕ್ಕೂ ಒಂದು ಬಟನ್ ಇದೆ.

ಗಿಣಿ ಆ ಬಟನ್ ಒತ್ತಿದಳು. ಹದಿನಾರು ನಿಮಿಷ ಗಾಳಿಯ ಹಾಗೆ ಸುಂಯ್ ಎನ್ನುವ ಸದ್ದು. ಹದಿನೇಳನೆಯ ನಿಮಿಷದಲ್ಲಿ ಕಿವಿಯಲ್ಲಿ ಟ್ರ್ರ್ರ್ ಎಂದಿತು. ಪರದೆ ಬಿಳಿಚಿಕೊಂಡಿತು. ಸಾಫ್ಟ್‌ವೇರು ತಾನಾಗಿ ಮುಚ್ಚಿಹೋಯಿತು. ಮತ್ತೆ ತೆರೆದಳು. ಮತ್ತೆ ಹದಿನೇಳನೆಯ ನಿಮಿಷ... ಟ್ರ್ರ್ರ್. ಮೂರನೆಯ ಸಲವೂ ಅಷ್ಟೆ.

ಅತ್ತಿಗೆ ನಕ್ಕರು. "ನಿನ್ನ ಯಂತ್ರಕ್ಕೂ ನಿನ್ನದೇ ಬುದ್ಧಿ. ಬೇಕಾದಾಗ ಕಿವುಡು." ಆಮೇಲೆ ತಮ್ಮನ ಕಡೆ ತಿರುಗಿದರು. "ಇವಳು ಅದನ್ನ ರಿಪೇರಿ ಮಾಡಿಸಲಿ. ಮುಂದಿನ ಭಾನುವಾರ ಬರ್ತೀನಿ. ಅಮ್ಮ ಬಡಿದು ಬಡಿದು ಸತ್ತದ್ದು ನಿಜವಾದರೆ, ಇವಳ ಜೊತೆ ಇರೋದೋ ಬಿಡೋದೋ ನೀನೇ ನೋಡಿಕೋ."

ಗಂಡ ಒಂದೇ ಮಾತು ಹೇಳಿದ. "ಕೇಳಿದ ಮೇಲೆ ಮಾತಾಡೋಣ." ಅವತ್ತೇ ಹಾಸಿಗೆ ಸುತ್ತಿಕೊಂಡು ಮುಂದಿನ ಕೋಣೆಗೆ ಹೋದ. ಹನ್ನೊಂದು ವರ್ಷದ ಸಂಸಾರ.

ಅದಕ್ಕೇ ಗಿಣಿ ನನ್ನನ್ನು ಕರೆಸಿದ್ದು. ಕಂಪ್ಯೂಟರಿನ ವಿಷಯ ನನಗೆ ಹೆಚ್ಚು ತಿಳಿಯದು. ಆದರೆ ಕಾನ್ವೆಂಟಿನ ಸಿಸ್ಟರುಗಳು ನಮಗೆ ಒಂದು ಕ್ರಮ ಕಲಿಸಿದ್ದರು, ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ, ಆಮೇಲೆ ನರ್ಸುಗಳ ಮೇಲಿನ ಮೇಟ್ರನ್ ಆಗಿ ಅದನ್ನೇ ನಡೆಸಿದೆ. ಏನು ಮಾಡಿದೆ, ಎಷ್ಟು ಗಂಟೆಗೆ, ಏನಾಯಿತು... ಮೂರನ್ನೂ ಬರೆದಿಡುವುದು. ಗಿಣಿ ಒಂದು ವಾರದಿಂದ ಕಾದ ಬಾಣಲೆಯಲ್ಲಿ ಬಿದ್ದ ಇರುವೆಯ ಹಾಗೆ ಒಂದೇ ಸಲಕ್ಕೆ ಹತ್ತು ಕಡೆ ಓಡಾಡಿ ಎಲ್ಲವನ್ನೂ ಬದಲಾಯಿಸಿ ಇಟ್ಟಿದ್ದಳು. ನಾನು ನೋಟುಪುಸ್ತಕ ತೆರೆದು ಗೆರೆ ಎಳೆದೆ.

ಫೋನಿನಲ್ಲಿ ಕಂಪ್ಯೂಟರ್ ರಿಪೇರಿಯವರು. ಊರೆಲ್ಲ ಅವರನ್ನು ಡಾಕ್ಟರು ಎಂದೇ ಕರೆಯುತ್ತದಂತೆ. ನಿಜವಾದ ಡಾಕ್ಟರುಗಳ ಜೊತೆ ದುಡಿದ ನನಗೆ ಅದು ಸರಿಬರಲಿಲ್ಲ. ಆದರೂ ಬೇರೆ ಹೆಸರು ಯಾರಿಗೂ ಗೊತ್ತಿರಲಿಲ್ಲ.

"ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು ಮೇಡಂ" ಎಂದರು. "ಎರಡು ಮದ್ದು ಒಟ್ಟಿಗೆ ಕೊಟ್ಟರೆ ಯಾವುದು ಹಿಡೀತು ಅಂತ ಗೊತ್ತಾಗಲ್ಲ."

"ಅದನ್ನು ನೀವು ನನಗೆ ಹೇಳಿಕೊಡಬೇಕಾಗಿಲ್ಲ" ಎಂದೆ.

"ಸರಿ, ಸರಿ. ರೋಗಿ ಎದ್ದು ಕೂತಿದ್ದಾನಾ?"

ಕೂತಿದ್ದ. ಮೊದಲು ಕಂಪ್ಯೂಟರನ್ನು ಪೂರ್ತಿ ಆರಿಸಿ ಹಚ್ಚಿದೆವು. ಹದಿನೇಳನೆಯ ನಿಮಿಷಕ್ಕೆ ಸಾಫ್ಟ್‌ವೇರು ಮತ್ತೆ ಬಿತ್ತು. ಬೇರೆ ಎಲ್ಲ ಪ್ರೋಗ್ರಾಮು ಮುಚ್ಚಿ ನೋಡಿದೆವು. ಬಿತ್ತು. ಮೈಕನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು ತೆಗೆದು ಹೊಸದು ಹಾಕಿದೆವು. ಬಿತ್ತು. ಧ್ವನಿಯನ್ನು ತಿದ್ದುವ ಚಿಕ್ಕ ಚಿಕ್ಕ ಪ್ರೋಗ್ರಾಮುಗಳು ಆರು ಇದ್ದವು. ಒಂದೊಂದನ್ನೇ ಆರಿಸುತ್ತ ಹೋದೆವು. ಆರು ಸಲವೂ ಬಿತ್ತು. ಫೈಲನ್ನೇ ಹಳೆಯ ಡಿಸ್ಕಿನಿಂದ ಹೊಸದಕ್ಕೆ ಸಾಗಿಸಿದೆವು.

ಟ್ರ್ರ್ರ್.

ಪ್ರತಿ ಸಲವೂ ಗಿಣಿ ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮುಂದಿನ ಕೋಣೆಯಲ್ಲಿ ಮಗ್ಗುಲಾದಾಗ ಮಂಚ ಕಿರ್ ಎನ್ನುವುದು ಕೇಳುತ್ತಿತ್ತು. ಆ ಮನುಷ್ಯ ನಿದ್ದೆ ಮಾಡಿರಲಿಲ್ಲ.

"ಹೋಳು ಮಾಡಿ" ಎಂದರು ಡಾಕ್ಟರು. "ಒಂದು ಗಂಟೆಯನ್ನು ನಾಲ್ಕು ತುಂಡು. ಯಾವ ತುಂಡಿಗೆ ಜ್ವರ ಅಂತ ನೋಡೋಣ."

ಮೊದಲ ಕಾಲು ಗಂಟೆ ಸಲೀಸಾಗಿ ಓಡಿತು. ಮೂರನೆಯದು, ನಾಲ್ಕನೆಯದು ಕೂಡ. ಎರಡನೆಯದು ಬಿತ್ತು. ಅದನ್ನು ಮತ್ತೆ ಅರ್ಧ ಮಾಡಿದೆವು. ಮತ್ತೆ ಅರ್ಧ. ಕೊನೆಗೆ ಉಳಿದದ್ದು ಹದಿನೇಳನೆಯ ಒಂದು ನಿಮಿಷ. ಬರೀ ಓದನ್ನು ಕೇಳಿದರೆ ಓಡುತ್ತಿತ್ತು. ಗುಡಿಸಿದ್ದನ್ನು ಕೇಳಿದರೆ ಬೀಳುತ್ತಿತ್ತು.

"ಹಾಗಾದರೆ ಕಸಕ್ಕೇ ಕಾಯಿಲೆ" ಎಂದರು ಅವರು. "ಅದು ಕಲಿತದ್ದು ಯಾವುದರಿಂದ? ಆ ಮೂವತ್ತು ಸೆಕೆಂಡು ಸರಿಯಾಗಿದೆಯಾ? ಅವತ್ತು ಕೇಳಿ ನೋಡಿದ್ರಾ?"

ನಾನು ಗಿಣಿಯ ಕಡೆ ತಿರುಗಿದೆ.

"ಕೇಳಿದ್ದೆಯಾ?" ಎಂದೆ.

"ಇಲ್ಲ ಅಕ್ಕ... ಅವತ್ತು ಹೊತ್ತಾಗಿತ್ತು. ಸಂಜೆ ಫೈಲು ಕಳಿಸಬೇಕಿತ್ತು. ಸುಮ್ಮನೆ ತೆಗೆದುಕೊಂಡೆ, ಕಲಿಸಿದೆ, ಓದೋಕೆ ಶುರು ಮಾಡಿದೆ."

ಹತ್ತು ವರ್ಷದಲ್ಲಿ ಅದೊಂದೇ ದಿನ ಕೇಳದೆ ಬಿಟ್ಟಿದ್ದಳು. ಡಾಕ್ಟರನ್ನು ಫೋನಿನಲ್ಲೇ ಇಟ್ಟು ಆ ಮೂವತ್ತು ಸೆಕೆಂಡನ್ನು ತೆರೆದೆವು. ಅವಳು ಒಂದು ಕಿವಿ, ನಾನು ಒಂದು ಕಿವಿ. ಧ್ವನಿಯನ್ನು ಪೂರ್ತಿ ಏರಿಸಿದಳು.

ಫ್ಯಾನು. ಗರ... ಗರ... ಅದರ ಹಿಂದೆ ಇನ್ನೊಂದು.

ಉಸಿರು.

ಮೆಲ್ಲನೆ ಒಂದು. ಅದಕ್ಕಿಂತ ಆಳವಾಗಿ ಇನ್ನೊಂದು. ಇನ್ನೂ ಆಳವಾಗಿ, ಗಂಟಲಲ್ಲಿ ಕರಕರ ಎನ್ನುತ್ತ, ಮತ್ತೊಂದು. ಆಮೇಲೆ ಇಳಿಯುತ್ತ ಇಳಿಯುತ್ತ... ನಿಂತಿತು. ನನ್ನ ಗಡಿಯಾರದಲ್ಲಿ ಹನ್ನೊಂದು ಸೆಕೆಂಡು ಏನೂ ಇಲ್ಲ. ಆಮೇಲೆ ಮತ್ತೆ ಮೆಲ್ಲನೆ ಒಂದು.

ಆ ಉಸಿರನ್ನು ನಾನು ನೂರಾರು ಹಾಸಿಗೆಗಳ ಪಕ್ಕ ನಿಂತು ಎಣಿಸಿದ್ದೇನೆ. ಅದು ಶುರುವಾದ ಮೇಲೆ ನಾವು ಮನೆಯವರನ್ನು ಒಳಗೆ ಕರೆಯುತ್ತೇವೆ.

"ಏನದು?" ಎಂದಳು ಗಿಣಿ.

"ನಿನ್ನ ಅತ್ತೆ" ಎಂದೆ. ಬೇರೆ ಯಾವ ರೀತಿಯಲ್ಲಿ ಹೇಳಬೇಕಿತ್ತೋ ನನಗೆ ತಿಳಿಯಲಿಲ್ಲ. "ಬಾಗಿಲ ಸಂದಿನಿಂದ."

ಅವಳಿಗೆ ಅರ್ಥವಾಯಿತು. ಅತ್ತೆಯ ಕೊನೆಯ ಉಸಿರನ್ನು ಅವಳು ಯಂತ್ರಕ್ಕೆ ತೋರಿಸಿ, ಇದು ಕಸ, ಇಂಥದ್ದು ಎಲ್ಲಿ ಕಂಡರೂ ತೆಗೆ ಎಂದಿದ್ದಳು. ಯಂತ್ರ ಹೇಳಿದ್ದನ್ನು ಮಾಡಿತ್ತು. ಅವಳು ಅಳಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡಳು, ಅಷ್ಟೆ. ಉಗುರುಗಳು ಬೆಳ್ಳಗಾದವು.

"ಹಲೋ?" ಎಂದರು ಡಾಕ್ಟರು. "ಏನಾದರೂ ಸಿಕ್ಕಿತಾ?"

"ಕೋಣೆಯ ಸದ್ದು" ಎಂದೆ. "ಮುಂದೇನು?"

"ಇನ್ನೊಂದೇ ದಾರಿ. ಕೇಳೋಕೆ ಹೋಗಬೇಡಿ. ಕೇಳ್ತಾ ಕೇಳ್ತಾ ಗುಡಿಸು ಅಂದರೆ ಅದಕ್ಕೆ ಉಸಿರು ಕಟ್ಟುತ್ತೆ. ಹತ್ತು ಹತ್ತು ಸೆಕೆಂಡಿನ ಆರು ತುಂಡು ಮಾಡಿ, ಗುಡಿಸಿದ್ದನ್ನ ಬೇರೆ ಫೈಲಾಗಿ ಸೇವ್ ಮಾಡಿ. ಆಮೇಲೆ ಆ ಫೈಲುಗಳನ್ನ ಹಾಡು ಕೇಳೋ ಪ್ಲೇಯರಿನಲ್ಲಿ ಹಾಕಿ. ರೋಗಿ ಬದುಕಿದರೆ ನಾಳೆ ಹೇಳಿ. ನಾನು ಮಲಗ್ತೀನಿ."

ಸೇವ್ ಆಯಿತು. ಆರು ತುಂಡೂ. ಒಂದೂ ಬೀಳಲಿಲ್ಲ. ಒಂದು ವಾರದ ಕಾಟ ಎರಡು ನಿಮಿಷದಲ್ಲಿ ಮುಗಿದಿತ್ತು. ಆದರೆ ಪ್ಲೇ ಒತ್ತಲು ಇಬ್ಬರಿಗೂ ಕೈ ಬರಲಿಲ್ಲ.

"ಅಕ್ಕಾ... ಬಡಿದಿದ್ದರೆ?"

"ಬಡಿದಿದ್ದರೆ ಬಡಿದಿದ್ದಾರೆ. ಒತ್ತು."

ಮೊದಲ ತುಂಡು. ಸುಂಯ್... ಎರಡನೆಯದು. ಸುಂಯ್...

ಮೂರನೆಯದು.

ಟಕ್. ಟಕ್. ಟಕ್.

ಮರಕ್ಕೆ ಮರ ತಾಗಿದ ಸದ್ದು. ಗಿಣಿ ಕಣ್ಣು ಮುಚ್ಚಿದಳು. ಅಷ್ಟೇ ಆಗಿದ್ದರೆ ಈ ಕತೆಯನ್ನು ನಾನು ನಿಮಗೆ ಹೇಳುತ್ತಿರಲಿಲ್ಲ. ಅದು ಬರೀ ದುಃಖದ ಸಂಗತಿಯಾಗುತ್ತಿತ್ತು. ಅಂಥವು ಮನೆಮನೆಯಲ್ಲೂ ಇವೆ.

ಮೂರನೆಯ ಟಕ್ ಆದ ಮೇಲೆ ಒಂದು ಸೆಕೆಂಡು ಬಿಟ್ಟು ಒಂದು ಧ್ವನಿ ಹೇಳಿತು:

"ಬಂದೆ ಅತ್ತೆ."

ಗಿಣಿಯ ಧ್ವನಿ. ಅನುಮಾನವೇ ಇಲ್ಲ. "ಅತ್ತೆ" ಎನ್ನುವಾಗ ಅವಳು ಕೊನೆಯನ್ನು ಸ್ವಲ್ಪ ಮೇಲಕ್ಕೆ ಎಳೆಯುತ್ತಾಳೆ. ಅದೂ ಹಾಗೇ ಎಳೆಯಿತು.

ನಾನು ಅವಳ ಕಡೆ ನೋಡಿದೆ. ಅವಳು ತಲೆ ಅಲ್ಲಾಡಿಸುತ್ತಿದ್ದಳು. "ನಾನು ಎದ್ದಿಲ್ಲ ಅಕ್ಕ. ಎದ್ದಿಲ್ಲ. ನಾನು ಓದ್ತಾ ಇದ್ದೆ."

ನಾಲ್ಕನೆಯ ತುಂಡು. ಬರಿಗಾಲಿನ ಹೆಜ್ಜೆ. ತಪ್... ತಪ್... ತಪ್... ನಿಧಾನವಾಗಿ, ಮೈಕಿನಿಂದ ದೂರಕ್ಕೆ. ಬಾಗಿಲಿನ ಕೀಲು ಕಿಂಯ್ ಎಂದಿತು.

ಐದನೆಯದರಲ್ಲಿ ಅತ್ತೆಯ ಧ್ವನಿ. ಬಹಳ ಸಣ್ಣದು. ನಾನು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ನೀನಲ್ಲ..."

ಆಮೇಲೆ, ಹೆದರಿದ ಮಗು ಹೇಳುವ ಹಾಗೆ:

"ನೀನಲ್ಲ. ಅವಳನ್ನ ಕರಿ."

ಆರನೆಯ ತುಂಡಿನಲ್ಲಿ ಕೀಲಿನ ಸದ್ದು ಮತ್ತೊಮ್ಮೆ. ಬಾಗಿಲು ಮುಚ್ಚಿಕೊಂಡ ಸದ್ದು. ಪೂರ್ತಿಯಾಗಿ. ಅಷ್ಟೆ.

ನಾನು ಕ್ರಮ ತಪ್ಪುವವಳಲ್ಲ. ಅದೇ ಹದಿನೇಳನೆಯ ನಿಮಿಷದ ಓದನ್ನು ತೆರೆಸಿದೆ, ಗುಡಿಸಿ ಚೊಕ್ಕಟ ಮಾಡಿದ್ದನ್ನು. "ಬಂದೆ ಅತ್ತೆ" ಎನ್ನುವ ಆ ಸೆಕೆಂಡಿನಲ್ಲೇ ಗಿಣಿ ಮೈಕಿನ ಮುಂದೆ ಕೂತು, ಮಳೆ ನಿಂತ ಮೇಲೂ ನದಿ ಏಕೆ ಹರಿಯುತ್ತದೆ ಎಂದು ಓದುತ್ತಿದ್ದಳು. ಒಂದು ಅಲ್ಪವಿರಾಮವನ್ನೂ ತಪ್ಪಿಸದೆ. ಎರಡು ಕಡೆಯೂ ಅವಳೇ, ಎರಡೂ ಒಂದೇ ಹೊತ್ತಿಗೆ.

ಗಿಣಿ ಹೆಡ್‌ಫೋನ್ ತೆಗೆದಿಟ್ಟಳು.

"ಇದನ್ನ ಅತ್ತಿಗೆಗೆ ಕೇಳಿಸಿದರೆ..." ಎಂದಳು.

"ಏನಂತ ಹೇಳ್ತೀಯ? ಹೋದದ್ದು ನಾನಲ್ಲ ಅಂತಲಾ?"

"ಅಳಿಸಿಬಿಡು ಅಕ್ಕ."

ಅಳಿಸಿದ್ದು ನಾನೇ. ಆರು ತುಂಡುಗಳು, ಮೂವತ್ತು ಸೆಕೆಂಡು, ಗುಡಿಸಿದ್ದು, ಎಲ್ಲವೂ. ಕಸದ ಬುಟ್ಟಿಯ ಗುರುತನ್ನು ಒತ್ತಿ ಅದನ್ನೂ ಬರಿದು ಮಾಡಿದೆ. ಉಳಿಸಿದ್ದು ಚೊಕ್ಕಟ ಓದು ಮಾತ್ರ. ಅದರಲ್ಲಿ ಹದಿನೇಳನೆಯ ನಿಮಿಷವನ್ನು ಬೇರೆ ಫೈಲು ಮಾಡಿದೆವು. ನಾಳೆ ಅದನ್ನೇ ಕೇಳಿಸಿ, ಇಷ್ಟೇ ಇರುವುದು ಎನ್ನುವುದು. ನಿಜವಲ್ಲದ್ದನ್ನು ನಾನು ಅಪರೂಪಕ್ಕೂ ಹೇಳಿದವಳಲ್ಲ. ಆ ರಾತ್ರಿ ಅದನ್ನು ಹೇಗೆ ಹೇಳಬೇಕೆಂದು ಗಿಣಿಗೆ ನಾನೇ ಹೇಳಿಕೊಟ್ಟೆ. ನೋಟುಪುಸ್ತಕದ ಆ ಪುಟವನ್ನು ಹರಿದು ಚೂರು ಮಾಡಿದೆ.

ಬೆಳಗ್ಗೆ ಎದ್ದವಳೇ ಆ ಒಂದು ನಿಮಿಷವನ್ನು ಎರಡು ಸಲ ಕೇಳಿದೆ. ನದಿಗಳ ಪಾಠ. ಬೇರೇನೂ ಇಲ್ಲ.

ಹತ್ತು ಗಂಟೆಗೆ ಅತ್ತಿಗೆ ಬಂದರು. ನನ್ನನ್ನು ಕಂಡು ಹುಬ್ಬೇರಿಸಿದರು. "ಓಹೋ, ಸಾಕ್ಷಿಗೆ ಮೇಟ್ರನ್ ಅವರನ್ನೇ ಕರೆಸಿದ್ದೀಯ."

"ಕರೆದರೆ ಬರುತ್ತೇನೆ" ಎಂದೆ. ಆಡಿದ ಮೇಲೆ ಅದು ಎಂಥ ಮಾತೆಂದು ಹೊಳೆಯಿತು.

ಗಂಡ ಬಾಗಿಲ ಬಳಿ ನಿಂತ, ಒಳಗೆ ಬರಲಿಲ್ಲ. ಗಿಣಿ ಹೇಳಿಕೊಟ್ಟ ಹಾಗೆ ಹೇಳಿದಳು. "ಎಲ್ಲ ರಿಪೇರಿ ಆಯಿತು ಅತ್ತಿಗೆ. ಬೀಳುತ್ತಿದ್ದದ್ದು ಈ ಒಂದು ನಿಮಿಷದಲ್ಲಿ. ಇದರಲ್ಲಿ ಯಾವ ಬಡಿತವೂ ಇಲ್ಲ. ನೀವೇ ಕೇಳಿ."

ಅತ್ತಿಗೆ ಕನ್ನಡಕ ತೆಗೆದಿಟ್ಟು, ಹೆಡ್‌ಫೋನ್ ಹಾಕಿಕೊಂಡರು. ಗಿಣಿ ಪ್ಲೇ ಒತ್ತಿದಳು. ನಾನು ಅಭ್ಯಾಸದಂತೆ ಗಡಿಯಾರ ನೋಡಿಕೊಂಡೆ. ಹತ್ತು ಗಂಟೆ ಹನ್ನೆರಡು ನಿಮಿಷ.

ಪರದೆಯ ಮೇಲೆ ಒಂದು ಸಣ್ಣ ಗೆರೆ ಎಡದಿಂದ ಬಲಕ್ಕೆ ಸಾಗುತ್ತದೆ. ಅದು ತಲುಪಿದಲ್ಲಿಗೆ ಸದ್ದು. ಗೆರೆ ಸಾಗಿತು. ಒಂದು ನಿಮಿಷಕ್ಕೆ ಬಲತುದಿ ಮುಟ್ಟಿತು. ನಿಂತಿತು.

ಅತ್ತಿಗೆ ಹೆಡ್‌ಫೋನ್ ತೆಗೆಯಲಿಲ್ಲ.

ಮುಗಿಯಿತೆಂದು ತಿಳಿದಿಲ್ಲವೇನೋ ಎಂದು ಗಿಣಿ ಕೈ ಚಾಚಿದಳು. ಅತ್ತಿಗೆ ಆ ಕೈಯನ್ನು ತಡೆದರು. ತಲೆ ಸ್ವಲ್ಪ ಬಗ್ಗಿತ್ತು. ಎದುರಿಗೆ ಕೂತು ಯಾರೋ ಹೇಳುತ್ತಿರುವುದನ್ನು ಕೇಳುವವರ ಹಾಗೆ.

"ಹೂಂ" ಎಂದರು.

ಗೆರೆ ನಿಂತೇ ಇತ್ತು.

"ಹೂಂ... ಆಮೇಲೆ?"

ಗಿಣಿ ನನ್ನ ಸೆರಗು ಹಿಡಿದುಕೊಂಡಳು. ಅತ್ತಿಗೆಯ ಮುಖದಲ್ಲಿ ಮೊದಲು ಸಿಟ್ಟಿತ್ತು. ಅದು ಕರಗಿತು. ಕಣ್ಣಲ್ಲಿ ನೀರು ಬಂತು. ಆಮೇಲೆ ಆ ನೀರೂ ಅಲ್ಲೇ ನಿಂತಿತು. ತುಟಿಗಳ ಬಣ್ಣ ಹೋಯಿತು. ರಕ್ತ ಇಳಿದುಹೋದ ಮುಖಗಳನ್ನು ನಾನು ಕಂಡಿದ್ದೇನೆ; ಕುರ್ಚಿಯ ಮೇಲೆ ನೆಟ್ಟಗೆ ಕೂತವರಲ್ಲಿ ಅದನ್ನು ಕಂಡದ್ದು ಅದೇ ಮೊದಲು.

ಹತ್ತು ಗಂಟೆ ಹದಿನಾರು ನಿಮಿಷಕ್ಕೆ ಅವರು ಹೆಡ್‌ಫೋನನ್ನು ತೆಗೆದು, ವೈರನ್ನು ಸುತ್ತಿ, ಮೇಜಿನ ಮೇಲೆ ಇಟ್ಟರು. ಗಾಜಿನ ವಸ್ತು ಇಡುವ ಹಾಗೆ. ನಾಲ್ಕು ನಿಮಿಷ ಕೇಳಿದ್ದರು. ಫೈಲು ಇದ್ದದ್ದು ಒಂದೇ ನಿಮಿಷ.

"ತಮ್ಮಾ" ಎಂದರು. "ಇವಳ ತಪ್ಪೇನೂ ಇಲ್ಲ. ಅಮ್ಮ ಬಡಿದ ಕೂಡಲೇ ಹೋಗಿದ್ದಾಳೆ. ನಿನ್ನ ಹಾಸಿಗೆ ಒಳಗೆ ತಗೊಂಡು ಹೋಗು."

ಗಂಡ ಅಲ್ಲೇ ಕುಸಿದು ಕೂತು ಅತ್ತ. ತಿಂಗಳಿಂದ ಕಟ್ಟಿಟ್ಟ ಅಳು. ಗಿಣಿ ಅಲುಗಾಡಲಿಲ್ಲ.

"ಅತ್ತಿಗೆ... ನಾನು ಹೋಗಿದ್ದೆ ಅಂತ ಯಾರು ಹೇಳಿದ್ದು?"

"ನೀನೇ ಹೇಳಿದೆಯಲ್ಲ. ಈಗ ತಾನೆ." ಅವರು ಹೆಡ್‌ಫೋನಿನ ಕಡೆ ನೋಡಿದರು, ಮುಟ್ಟಲಿಲ್ಲ. "ಬಾಗಿಲು ಹಾಕಿದ್ದು, ತಲೆ ಎತ್ತಿ ಹಿಡಿದದ್ದು, ನೀರು ಕುಡಿಸಿದ್ದು... ಎಲ್ಲ ಹೇಳಿದೆ."

ಗಿಣಿಯ ಬಾಯಿ ತೆರೆಯಿತು. ಹೇಳಬಹುದಿತ್ತು. ನಾನಲ್ಲ ಎನ್ನುವ ಒಂದೇ ಮಾತು. ಬಾಗಿಲಲ್ಲಿ ಗಂಡ ಅಳುತ್ತಿದ್ದ. ಅವಳು ನನ್ನ ಕಡೆ ನೋಡಿದಳು. ನಾನು... ನಾನೂ ಸುಮ್ಮನಿದ್ದೆ.

ಹೊರಡುವಾಗ ಗೇಟಿನ ಬಳಿ ಅತ್ತಿಗೆ ಗಿಣಿಯ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು. ಎರಡು ಅಡಿ ದೂರದಲ್ಲಿದ್ದ ನನಗೆ ಕೇಳಿಸಿತು.

"ಕೊನೆಯಲ್ಲಿ ನೀನು ಹೇಳಿದ ಮಾತು ನನ್ನಲ್ಲೇ ಇರುತ್ತೆ. ಅವನಿಗೂ ಹೇಳಲ್ಲ."

"ನಾನು ಏನು ಹೇಳಿದೆ ಅತ್ತಿಗೆ?"

ಅತ್ತಿಗೆ ಅವಳನ್ನು ಬಹಳ ಹೊತ್ತು ನೋಡಿದರು. "ಹೂಂ" ಎಂದರು. "ಹಾಗೇ ಇರಲಿ."

ಇದಕ್ಕೆ ನಾನು ಒಂದು ಮಾತನ್ನೂ ಸೇರಿಸಿಲ್ಲ. ಡಾಕ್ಟರನ್ನು ಬೇಕಾದರೆ ಕೇಳಿ. ಯಾವ ಯಾವ ಮದ್ದು ಕೊಟ್ಟೆವೆಂದು ಅವರು ಹೇಳುತ್ತಾರೆ, ಮಿಕ್ಕದ್ದು ಅವರಿಗೆ ಗೊತ್ತಿಲ್ಲ. ಗಿಣಿ ಗಂಡನ ಜೊತೆಯೇ ಇದ್ದಾಳೆ. ಅವನು ಅವಳನ್ನು ಮೊದಲಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಅತ್ತಿಗೆ ಕೂಡ ತಿಂಗಳಿಗೊಮ್ಮೆ ಬರುತ್ತಾರೆ. ನಗುತ್ತಾರೆ, ಊಟ ಮುಗಿಸಿಕೊಂಡು ಬಂದೆ ಎನ್ನುತ್ತಾರೆ, ಅರ್ಧ ಗಂಟೆ ಕೂರುತ್ತಾರೆ. ಒಂದು ಕೆಟ್ಟ ಮಾತು ಆಡಿಲ್ಲ. ಕುಡಿಯುವ ನೀರನ್ನು ಮಾತ್ರ ತಮ್ಮ ಮನೆಯಿಂದ ಬಾಟಲಿಯಲ್ಲಿ ತರುತ್ತಾರೆ.